ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಊರು

ಟಂಗ್‌ಮಾರ್ಗ್‌ನ ಅಂಗಡಿಯವನು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ‘ಎಂಟು’ ಅಂದ. ಮೂವತ್ತು ವರ್ಷಗಳಿಂದ ಎಂಟರ ಅಳತೆಯ ಚಪ್ಪಲಿಯನ್ನೇ ಮೆಟ್ಟುತ್ತ ಬಂದ ನಾನು ಎದುರಾಡುವಂತಿರಲಿಲ್ಲ. ಅವನ ತಲೆಯ ಮೇಲೆ ಬಾಳೆಗೊನೆಗಳನ್ನು ಇಳಿಬಿಟ್ಟ ಹಾಗೆ ಕಪ್ಪು ಗಂಬೂಟುಗಳ ಗೊಂಚಲು. ಪಕ್ಕದ ಗೂಟದಲ್ಲಿ ಯಾರ‍್ಯಾರೋ ತೊಟ್ಟು ಬಿಟ್ಟ, ಹೊಗೆಯ ವಾಸನೆಯ ಬಾಡಿಗೆ ಕೋಟುಗಳು. ಹೆಂಡತಿಗೆ ಸಿಕ್ಕ ಕೋಟು ಮೊಣಕಾಲು ದಾಟಿ ಇಳಿದಿತ್ತು. ನನ್ನದರ ಜೇಬಿನಲ್ಲಿ ಹಿಂದಿನ ಗಿರಾಕಿಯ ಶೇಂಗಾ ಸಿಪ್ಪೆ ಇತ್ತು.

ಶ್ರೀನಗರದಿಂದ ಇಲ್ಲಿಗೆ ಸುಮಾರು 39 ಕಿಲೋಮೀಟರ್. ಇಲ್ಲಿಂದ ಗುಲ್ಮಾರ್ಗ್‌ಗೆ ಇನ್ನು 13. ಚಳಿಗಾಲದಲ್ಲಿ ಆ 13 ಕಿಲೋಮೀಟರಿಗೆ ಬೇರೆಯೇ ಕಾನೂನು. ಚಕ್ರಕ್ಕೆ ಸರಪಳಿ ಸುತ್ತದ ಗಾಡಿಯನ್ನು ಹಿಮದ ದಿನ ಮೇಲೆ ಬಿಡುವುದಿಲ್ಲ. ನಮ್ಮ ಚಾಲಕ ರಸ್ತೆಬದಿಯಲ್ಲೇ ಮೊಣಕಾಲೂರಿ ಕುಳಿತು, ಬರಿಗೈಯಲ್ಲಿ, ಹತ್ತು ನಿಮಿಷದಲ್ಲಿ ಎರಡು ಚಕ್ರಕ್ಕೆ ಸರಪಳಿ ಬಿಗಿದ. ನಾನು ಎರಡು ಜೊತೆ ಕೈಗವಸು ಹಾಕಿಕೊಂಡು ನಿಂತಿದ್ದೆ.

ನಮ್ಮ ಹಿಂದೆ ಮುಂದೆ ಸುಮೋಗಳು, ಸುಮೋಗಳ ತುಂಬ ಗಂಡಸರು. ಸ್ಲೆಡ್ಜ್ ಎಳೆಯುವವರು, ಕುದುರೆಯವರು, ಗೈಡುಗಳು, ಸ್ಕೀ ಕಲಿಸುವವರು, ಹೋಟೆಲಿನ ಅಡುಗೆಯವರು, ಕೇಸರಿ ಮಾರುವವರು. ಗುಲ್ಮಾರ್ಗ್ ಎಂಬ ಊರು ದಿನಾ ಬೆಳಿಗ್ಗೆ ಹೀಗೆ ಕೆಳಗಿನಿಂದ ಹತ್ತಿಹೋಗುತ್ತದೆ. ಕತ್ತಲಾಗುವ ಹೊತ್ತಿಗೆ ಇಳಿದು ಬರುತ್ತದೆ. ಅವರ ಮನೆ, ಹೆಂಡತಿ ಮಕ್ಕಳು, ಸೇಬಿನ ತೋಟ, ಮಸೀದಿ ಎಲ್ಲ ಇರುವುದು ಟಂಗ್‌ಮಾರ್ಗ್‌ನ ಸುತ್ತಿನ ಹಳ್ಳಿಗಳಲ್ಲಿ. 2011ರ ಜನಗಣತಿಯವರು ಗುಲ್ಮಾರ್ಗ್‌ನಲ್ಲಿ ಎಣಿಸಿದ್ದು 1,965 ತಲೆ, ಅದರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಸೈನಿಕರು, ಹೋಟೆಲ್ ಹುಡುಗರು. ತೊಟ್ಟಿಲಿಲ್ಲದ ಊರು ಅನ್ನಿ.

ಫರ್ ಮತ್ತು ನೀಲಿ ಪೈನ್ ಮರಗಳ ನಡುವೆ ತಿರುವಿನ ಮೇಲೆ ತಿರುವು. ಆಗುಂಬೆ ಘಾಟಿ ಹತ್ತಿದವರಿಗೆ ತಿರುವೇನೂ ದೊಡ್ಡದಲ್ಲ. ಆದರೆ ಇಲ್ಲಿನ ಮೌನ ಬೇರೆ. ನಮ್ಮ ಕಾಡಿನಲ್ಲಿ ಜೀರುಂಡೆಯಾದರೂ ಕೂಗುತ್ತದೆ. ಇಲ್ಲಿ ಕೇಳಿಸುವುದು ಸರಪಳಿಯ ಕಟಕಟ, ಆಗೊಮ್ಮೆ ಈಗೊಮ್ಮೆ ಕೊಂಬೆಯಿಂದ ಹಿಮ ಜಾರಿ ‘ಧೊಪ್’ ಎಂದು ಬೀಳುವ ಸದ್ದು. ಕೊನೆಯ ತಿರುವು ದಾಟಿದ ಮೇಲೆ ಕಾಡು ಸರಿದು, ಸುತ್ತ ಅಂಚು ಕಟ್ಟಿದ ದೊಡ್ಡ ಬೋಗುಣಿಯಂಥ ಬಯಲು. ಎತ್ತರ ಸುಮಾರು 2,650 ಮೀಟರ್. ಬಯಲಿನ ಆಚೆ ಗೋಡೆಯಂತೆ ಎದ್ದು ನಿಂತದ್ದು ಅಫರ್ವತ್.

ಇದು 2025ರ ಮಾರ್ಚ್ ಎರಡನೇ ವಾರ. ಮಾರ್ಚ್ ಅನ್ನುವುದೇ ಇಲ್ಲಿಯ ಕಥೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಇಲ್ಲಿ ಫೆಬ್ರವರಿ 22ಕ್ಕೆ ಶುರುವಾಗಬೇಕಿದ್ದವು. ಹಿಮವೇ ಇಲ್ಲ ಅಂತ ಮುಂದೂಡಿದರು. ಫೆಬ್ರವರಿ ಕೊನೆಯ ದಿನಗಳಲ್ಲಿ ಆಕಾಶ ಒಮ್ಮೆಲೇ ಒಡೆದು ಸುರಿಯಿತು. ಕ್ರೀಡೆಗಳು ಮಾರ್ಚ್ 9ರಿಂದ 12ರವರೆಗೆ ನಡೆದವು, ಅದೂ ರಂಜಾನ್ ತಿಂಗಳಲ್ಲಿ.

ಗಾಡಿ ಇಳಿದೊಡನೆ ಹತ್ತು ಮಂದಿ ಮುತ್ತಿಕೊಂಡರು. ಅವರಲ್ಲಿ ಬೂದು ಫಿರನ್ ತೊಟ್ಟ, ಅರವತ್ತರ ಆಸುಪಾಸಿನ ಒಬ್ಬರು ಮಾತ್ರ ಕೂಗದೆ, ಹಗ್ಗ ಕಟ್ಟಿದ ಹಲಗೆಯೊಂದನ್ನು ತೋರಿಸಿ ಸುಮ್ಮನೆ ನಿಂತರು. ಅದೇ ಸ್ಲೆಡ್ಜ್. ಎರಡು ಮರದ ಪಟ್ಟಿ, ಮೇಲೆ ನಾಲ್ಕಾರು ಅಡ್ಡ ಹಲಗೆ, ಅದರ ಮೇಲೊಂದು ಹಳೆಯ ಕಂಬಳಿಯ ತುಂಡು. ಮನುಷ್ಯ ಎಳೆಯುವ ಗಾಡಿಯಲ್ಲಿ ಕೂರುವುದಿಲ್ಲ ಅಂತ ನಾನು ಊರಲ್ಲೇ ನಿರ್ಧರಿಸಿ ಬಂದಿದ್ದೆ. ‘ಬೇಡ ಚಾಚಾ, ನಡೀತೀವಿ’ ಅಂದೆ. ಅವರು ನನ್ನ ಬೂಟು ನೋಡಿದರು. ‘ನಡೀರಿ ಸಾಬ್, ನಾನೂ ಜೊತೆಗೆ ಬರ್ತೀನಿ’ ಅಂದರು.

ಐವತ್ತು ಹೆಜ್ಜೆ ಹೋಗಿರಬಹುದು. ಮೇಲೆ ಗಟ್ಟಿಯಾಗಿ ಕಂಡ ಹಿಮ ತೊಡೆಯ ತನಕ ನುಂಗಿತು. ಒಂದು ಕಾಲು ಮೇಲೆ, ಒಂದು ಕೆಳಗೆ, ಗದ್ದೆಯ ಕೆಸರಿನಲ್ಲಿ ಹೂತ ಎತ್ತಿನ ಹಾಗೆ ನಾನು. ಚಾಚಾ ಕಂಕುಳಿಗೆ ಕೈ ಹಾಕಿ ಎತ್ತಿ, ಮಾತಿಲ್ಲದೆ ಹಲಗೆಯ ಮೇಲೆ ಕೂರಿಸಿದರು. ಹೆಂಡತಿ ಆಗಲೇ ಇನ್ನೊಂದರಲ್ಲಿ ಕುಳಿತು ಫೋಟೊ ತೆಗೆಯುತ್ತಿದ್ದಳು. ಏರಿನಲ್ಲಿ ಚಾಚಾ ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು ಮುಂದಕ್ಕೆ ಬಾಗುತ್ತಿದ್ದರು. ಅವರ ಉಸಿರು ನನಗೆ ಕೇಳುತ್ತಿತ್ತು. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಚಾಚಿದೆ. ‘ರೋಜಾ’ ಅಂದು ಕೈ ಅಲ್ಲಾಡಿಸಿದರು. ನಸುಕಿಗೆ ಸಹರಿಯ ಊಟ ಮುಗಿಸಿದವರು, ಸಂಜೆ ಆರೂವರೆಯ ತನಕ ಗುಟುಕು ನೀರಿಲ್ಲ. ನಾನು ಎಪ್ಪತ್ತೆಂಟು ಕಿಲೋ. ಇಳಿಯುತ್ತೇನೆ ಅಂದೆ. ಅವರು ತಿರುಗದೆಯೇ ಹೇಳಿದರು: ‘ನೀವು ಕೂತರೆ ನನಗೆ ಹಗ್ಗದ ಭಾರ. ಇಳಿದುಬಿಟ್ಟರೆ ಮನೆ ಭಾರ. ಕೂತ್ಕೊಳ್ಳಿ.’

ಇಳಿಜಾರು ಬಂದಾಗ ಅವರು ನನ್ನ ಮುಂದೆ ಬಂದು ಕುಳಿತು, ಎರಡು ಕಾಲನ್ನೂ ಚಾಚಿ, ಬೂಟಿನ ಹಿಮ್ಮಡಿಯನ್ನೇ ಬ್ರೇಕು ಮಾಡಿಕೊಂಡು ಹಲಗೆ ಬಿಟ್ಟರು. ನೂರು ಗಜ, ಹತ್ತು ಸೆಕೆಂಡು, ಮುಖಕ್ಕೆ ಹಿಮದ ಪುಡಿ. ನಾನು ಕೂಗಿದ್ದು ಹೆಂಡತಿಗೆ ಕೇಳಿಸಿತಂತೆ. ಚಾಚಾನ ಬೂಟಿನ ಹಿಮ್ಮಡಿ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು.

ಹೀಗೆ ಎಳೆಸಿಕೊಂಡೇ ಊರು ನೋಡಿದೆವು. ಈ ಬಯಲು ಹಿಂದೆ ಗೌರಿಮಾರ್ಗ್, ಗೌರಿಯ ಹುಲ್ಲುಗಾವಲು. ಹದಿನಾರನೇ ಶತಮಾನದಲ್ಲಿ ಕಾಶ್ಮೀರ ಆಳಿದ ಯೂಸುಫ್ ಷಾ ಚಕ್ ಇದಕ್ಕೆ ಹೂವಿನ ಬಯಲು ಅಂತ ಹೆಸರಿಟ್ಟ. ಜಹಾಂಗೀರ ಬಂದು 21 ಬಗೆಯ ಹೂವು ಆರಿಸಿಕೊಂಡು ಹೋದ ಅನ್ನುತ್ತಾರೆ. ಅಂದರೆ ಇದು ಮೂಲತಃ ಬೇಸಿಗೆಯ ಊರು. ಬ್ರಿಟಿಷರು ಬಂದದ್ದೂ ಬಿಸಿಲಿಗೆ ಬೆದರಿಯೇ. ಸ್ನೂಕರ್ ಆಟ ಹುಟ್ಟುಹಾಕಿದವನೆಂದು ಹೆಸರಾದ ಕರ್ನಲ್ ನೆವಿಲ್ ಚೇಂಬರ್ಲಿನ್ 1890ರ ಹೊತ್ತಿಗೆ ಇಲ್ಲಿ ಆರು ಕುಳಿಯ ಗಾಲ್ಫ್ ಮೈದಾನ ಮಾಡಿಸಿದ. 1911ಕ್ಕೆ ಗಾಲ್ಫ್ ಕ್ಲಬ್ಬೇ ಬಂತು. ಹಿಮದ ಮೇಲೆ ಜಾರುವ ಚಟ ಅವರಿಗೆ ಹತ್ತಿದ್ದು ಆಮೇಲೆ, 1927ರಲ್ಲಿ ಸ್ಕೀ ಕ್ಲಬ್ ಆಫ್ ಇಂಡಿಯಾ ಕಟ್ಟಿಕೊಂಡಾಗ. ದಿಬ್ಬದ ಮೇಲೆ 1902ರ ಸೇಂಟ್ ಮೇರಿ ಚರ್ಚು, ಬೂದು ಕಲ್ಲಿನ ಗೋಡೆಗೆ ಕಿಟಕಿಯ ಎತ್ತರಕ್ಕೆ ಹಿಮ ಒರಗಿತ್ತು.

ಇನ್ನೊಂದು ದಿಬ್ಬ ನೋಡುವಾಗ ಹೆಂಡತಿ ‘ಅಯ್ಯೋ’ ಅಂದಳು. ಮಹಾರಾಣಿ ದೇವಸ್ಥಾನ, 1915ರಲ್ಲಿ ಡೋಗ್ರಾ ರಾಜಮನೆತನ ಕಟ್ಟಿಸಿದ ಶಿವಾಲಯ. ‘ಆಪ್ ಕಿ ಕಸಮ್’ ಚಿತ್ರದಲ್ಲಿ ರಾಜೇಶ್ ಖನ್ನಾ, ಮುಮ್ತಾಜ್ ಕುಣಿದ ಮೆಟ್ಟಿಲುಗಳು. ನಾವು ಇಪ್ಪತ್ತು ವರ್ಷದ ಹಿಂದೆ ಬಂದಾಗ ಅಲ್ಲಿ ಪ್ರಸಾದ ತೆಗೆದುಕೊಂಡಿದ್ದೆವು. 2024ರ ಜೂನ್ 5ರ ನಸುಕಿನ ಬೆಂಕಿಯಲ್ಲಿ ಮರದ ಕಟ್ಟಡ ಉರಿದುಹೋಯಿತು. ಎಷ್ಟೋ ವರ್ಷ ಅದನ್ನು ನೋಡಿಕೊಂಡು, ಆರತಿಯನ್ನೂ ಮಾಡುತ್ತಿದ್ದವರು ಈ ಕಡೆಯ ಒಬ್ಬ ಮುಸ್ಲಿಂ ಪರಿಚಾರಕರು. ಹಳೆಯ ಕೆಂಪು ಚಾವಣಿ ಇಲ್ಲದ ದಿಬ್ಬದ ಕಡೆ ಚಾಚಾ ಕೈ ತೋರಿಸಿ, ಮಾತಾಡದೆ ಹಗ್ಗ ಎಳೆದರು.

ತಂತಿಯ ಮೇಲೆ ಬೆಟ್ಟಕ್ಕೆ ಒಯ್ಯುವ ಗೊಂಡೋಲಾದ ಸಾಲಿನಲ್ಲಿ ಗುಜರಾತಿ, ಬಂಗಾಳಿ, ತೆಲುಗು, ನಡುವೆ ರಷ್ಯನ್. ಉದ್ದನೆಯ ಸ್ಕೀ ಹೆಗಲಿಗೇರಿಸಿದ ರಷ್ಯನ್ನರು ಬೇರೆಯೇ ಜಾತಿಯ ಪ್ರಾಣಿಗಳಂತೆ ನಿಂತಿದ್ದರು. ಆರು ಮಂದಿ ಹಿಡಿಸುವ ಪೆಟ್ಟಿಗೆ. ಫ್ರಾನ್ಸಿನ ಪೊಮಗಾಲ್ಸ್ಕಿ ಕಂಪನಿಯ ತಂತ್ರಜ್ಞಾನ. ಮೊದಲ ಹಂತ 1998ರಲ್ಲಿ ಶುರುವಾಯಿತು, ಕೊಂಗ್‌ಡೋರಿ ಎಂಬ 3,000 ಮೀಟರಿಗೂ ಮೇಲಿನ ತಟ್ಟಿನವರೆಗೆ. ಎರಡನೆಯದು 2005ರಲ್ಲಿ, ಅಫರ್ವತ್‌ನ ಹೆಗಲಿಗೆ, ಹೆಚ್ಚುಕಡಿಮೆ 3,950 ಮೀಟರ್. ಗುಲ್ಮಾರ್ಗ್ ಜಗತ್ತಿನ ಸ್ಕೀ ಹುಚ್ಚರ ಬಾಯಲ್ಲಿ ಬಿದ್ದದ್ದು ಈ ಎರಡನೆಯ ಹಂತದಿಂದ. ಇಷ್ಟು ಎತ್ತರಕ್ಕೆ ಕೂತಲ್ಲೇ ಒಯ್ದು, ಇಳಿಯಲು ಬೇಲಿಯಿಲ್ಲದ ಬೆಟ್ಟವನ್ನೇ ಬಿಟ್ಟುಕೊಡುವ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ. ಪೆಟ್ಟಿಗೆ ಮರಗಳ ತುದಿಗೆ ತಾಗಿಯೇ ಹೋಗುತ್ತದೆ. 2017ರ ಜೂನ್‌ನಲ್ಲಿ ಗಾಳಿಗೆ ಉರುಳಿದ ಮರವೊಂದು ತಂತಿಗೆ ಬಡಿದು ಏಳು ಜನ ಸತ್ತದ್ದು ನೆನಪಾಗಿ, ನಾನು ಮರಗಳನ್ನು ಬಿಟ್ಟು ದೂರ ನೋಡತೊಡಗಿದೆ.

ಕೊಂಗ್‌ಡೋರಿ ದಾಟಿದರೆ ಫರ್ ಮರಗಳು ಹಿಂದೆ ಸರಿದು ಭೂರ್ಜ ಮರಗಳು ಬರುತ್ತವೆ, ಬಿಳಿಯ ಹಿಮದ ಮೇಲೆ ಎಲೆಯಿಲ್ಲದ ಬಿಳಿಕಂದು ಮರಗಳು. ತೊಗಟೆ ಪದರ ಪದರವಾಗಿ ಕಿತ್ತುಬಂದು ಗಾಳಿಗೆ ಪಟಪಟಿಸುತ್ತದೆ. ಕಾಶ್ಮೀರದ ಪಂಡಿತರು ಶತಮಾನಗಟ್ಟಲೆ ಬರೆದದ್ದು ಇದರ ಮೇಲೆಯೇ, ನಮ್ಮವರು ತಾಳೆಗರಿಯ ಮೇಲೆ ಬರೆದ ಹಾಗೆ. ಇಂಥ ತೊಗಟೆಯ ನಾಡಿನಿಂದ ಹೊರಟ ಬಿಲ್ಹಣ ನಡೆದೂ ನಡೆದೂ ಕಲ್ಯಾಣಕ್ಕೆ ಬಂದು ಆರನೇ ವಿಕ್ರಮಾದಿತ್ಯನ ಆಸ್ಥಾನ ಸೇರಿದ. ನಮ್ಮ ಬಿಸಿಲಿಗೆ ಅವನು ಏನಂದುಕೊಂಡನೋ.

ಮೇಲೆ ಇಳಿದಾಗ ಮೊದಲು ತಾಗಿದ್ದು ಉಸಿರು. ನಾಲ್ಕು ಹೆಜ್ಜೆಗೆ ಎದೆ ಬಡಿದುಕೊಳ್ಳುತ್ತದೆ. ಉತ್ತರದ ಮೋಡ ಒಂದು ಗಳಿಗೆ ಸರಿದು, ಎಲ್ಲ ಬೆಟ್ಟಗಳ ಮೇಲಿಂದ ಇನ್ನೊಂದು ಬೆಟ್ಟ ಕಂಡಿತು. ನಂಗಾ ಪರ್ಬತ್, 8,126 ಮೀಟರ್. ಗಡಿ ನಿಯಂತ್ರಣ ರೇಖೆಯ ಆಚೆಯದು. ಫೋನಿನ ಪರದೆಯಲ್ಲಿ ಅದೊಂದು ಬಿಳಿಯ ಚುಕ್ಕೆಯಾಗಿ ಬಂದಿದೆ. ಮನೆಯಲ್ಲಿ ಯಾರಿಗೆ ತೋರಿಸಿದರೂ ‘ಎಲ್ಲಿ?’ ಅನ್ನುತ್ತಾರೆ.

ರಷ್ಯನ್ನರು ಪಟ್ಟಿ ಬಿಗಿದುಕೊಂಡು, ಒಬ್ಬರಾದ ಮೇಲೆ ಒಬ್ಬರು ಅಂಚಿನಿಂದ ಜಾರಿ ಮಾಯವಾದರು. ಅವರ ಎದೆಗೆ ಕಟ್ಟಿದ ಪುಟ್ಟ ಯಂತ್ರ ಸದಾ ಸಂಕೇತ ಕಳಿಸುತ್ತಿರುತ್ತದೆ, ಹಿಮದಡಿ ಹೂತುಹೋದರೆ ಜೊತೆಯವರು ಹುಡುಕಲಿ ಅಂತ. ಅಲ್ಲಿ ನಿಂತಿದ್ದ ಸ್ಕೀ ಪಟ್ರೋಲಿನ ಹುಡುಗ ಅಂಗೈಯಲ್ಲಿ ಹಿಮ ತೋರಿಸಿ ವಿವರಿಸಿದ. ಮೇಲಿನ ಹಿಮ ಹಿಟ್ಟಿನಂತೆ ಅಂಟಿಕೊಂಡಿತ್ತು. ಸಲಿಕೆಯಲ್ಲಿ ಒಂದು ಮೊಳ ತೋಡಿ ತೆಗೆದದ್ದು ಹರಳುಹರಳು, ಮುಷ್ಟಿ ಕಟ್ಟಿದರೂ ನಿಲ್ಲದೆ ಬೆರಳ ಸಂದಿಯಿಂದ ಸುರಿಯಿತು. ಹಿಮ ತೆಳ್ಳಗೆ ಬಿದ್ದು ವಾರಗಟ್ಟಲೆ ಒಣ ಚಳಿಗೆ ಸಿಕ್ಕರೆ ಹೀಗೆ ಸಕ್ಕರೆಯಾಗುತ್ತದೆ. ಅದರ ಮೇಲೆ ಹೊಸ ಹಿಮದ ಗಟ್ಟಿ ಪದರ ಬಿದ್ದರೆ, ಸಕ್ಕರೆ ಚೆಲ್ಲಿದ ತಟ್ಟೆಯ ಮೇಲೆ ರೊಟ್ಟಿ ಇಟ್ಟು ಓರೆ ಮಾಡಿದ ಹಾಗೆ. ಒಬ್ಬನ ತೂಕ ಸಾಕು, ಇಡೀ ಇಳಿಜಾರು ಹೊರಡಲು. 2023ರ ಫೆಬ್ರವರಿ 1ರಂದು ಇದೇ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಫೆಬ್ರವರಿಯಲ್ಲಿ ರಷ್ಯದ ಒಬ್ಬ ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಹಿಮ ತಡವಾದ ವರ್ಷ ಹಿಮ ಬಂದ ಮೇಲೂ ಹೆದರಬೇಕು ಅನ್ನುವುದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಈ ಇಳಿಜಾರುಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲದ್ದು ಸೈನ್ಯ. 1948ರಲ್ಲಿ ಸ್ಕೀ ಶಾಲೆಯಾಗಿ ಹುಟ್ಟಿದ್ದು ಇಂದು ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್. 1978ರಲ್ಲಿ ಸಿಯಾಚಿನ್ ಹಿಮನದಿಗೆ ದಂಡಯಾತ್ರೆ ಒಯ್ದ ಕರ್ನಲ್ ನರೇಂದ್ರ ಕುಮಾರ್ ಆಗ ಈ ಶಾಲೆಯ ಮುಖ್ಯಸ್ಥರಾಗಿದ್ದರು. ತಂತಿಬೇಲಿಯ ಆಚೆ ಫೋಟೊ ತೆಗೆಯುವಂತಿಲ್ಲ, ತೆಗೆಯಲಿಲ್ಲ.

ಕೆಳಗಿಳಿದು ಗಾಲ್ಫ್ ಮೈದಾನಕ್ಕೆ ಬಂದೆವು. ಚೇಂಬರ್ಲಿನ್ ಚೆಂಡು ಉರುಳಿಸಿದ ಹುಲ್ಲು ನಾಲ್ಕಡಿ ಕೆಳಗಿದೆ. ಮೇಲೆ ಜೋಡಿ ಗೆರೆ ಕೊರೆದ ಓಟದ ದಾರಿ. ಕೊಂಗ್‌ಡೋರಿಯ ಇಳಿಜಾರಿನಲ್ಲಿ ನಡೆಯುವುದು ಆಲ್ಪೈನ್ ಸ್ಕೀಯಿಂಗ್, ಹಿಮ್ಮಡಿ ಹಲಗೆಗೆ ಬಂಧಿ, ಎಳೆಯುವುದು ಬೆಟ್ಟ. ಇಲ್ಲಿ ನಾರ್ಡಿಕ್. ಬೂಟಿನ ತುದಿ ಮಾತ್ರ ಹಲಗೆಗೆ ಸಿಕ್ಕಿಸಿ, ಹಿಮ್ಮಡಿ ಎತ್ತಿ ಎತ್ತಿ, ಎರಡು ಕೋಲು ಊರಿ ಸಮತಟ್ಟು ನೆಲದಲ್ಲಿ ಐದು, ಹತ್ತು ಕಿಲೋಮೀಟರ್ ಓಡಬೇಕು. ನೋಡಲು ಇದರಲ್ಲಿ ಏನೂ ಥ್ರಿಲ್ ಇಲ್ಲ. ನನಗೆ ಇದೇ ಹಿಡಿಸಿತು. ಗದ್ದೆ ನಾಟಿಯಂತೆ ಒಂದೇ ಲಯ, ಕೊನೆ ಮುಟ್ಟಿದ ಹುಡುಗಿಯರು ಹಿಮದ ಮೇಲೆ ಕುಸಿದು ಬಿದ್ದು ಬಾಯಿ ತೆರೆದು ಉಸಿರೆಳೆಯುತ್ತಿದ್ದರು.

ಈ ಮೈದಾನದ ಆಟದಲ್ಲಿ ದೇಶಕ್ಕೆ ಮೊದಲ ಸಾಲಿನ ಹೆಸರು ಕೊಡಗಿನದು ಅಂದರೆ ನಂಬುವುದು ಕಷ್ಟ. ತೆಕ್ಕಡ ಭವಾನಿ ನಂಜುಂಡ. ಮಂಜು ಬೀಳುವ ನಾಡಿನವರೇ, ಹಿಮ ಬೀಳುವ ನಾಡಿನವರಲ್ಲ. ಖೇಲೋ ಇಂಡಿಯಾ ಕೂಟಗಳಲ್ಲಿ ಕರ್ನಾಟಕಕ್ಕೆ ಅವರು ತಂದ ಚಿನ್ನ ಒಂದೆರಡಲ್ಲ. ಅದೇ 2025ರ ಜುಲೈನಲ್ಲಿ ಚಿಲಿಯ ಹಿಮದಲ್ಲಿ ಐದು ಕಿಲೋಮೀಟರ್ ಓಟಕ್ಕೆ ಕಂಚು ಗೆದ್ದರು. ಮೈದಾನದ ಬದಿಯಲ್ಲಿ ನಾವು ಕನ್ನಡ ಮಾತಾಡಿದ್ದು ಕೇಳಿ ಒಬ್ಬ ಸ್ಥಳೀಯ ಹುಡುಗ ‘ಕರ್ನಾಟಕ? ಭವಾನಿ!’ ಅಂದ. ಇಂಥ ಕಡೆ ಸಾಮಾನ್ಯವಾಗಿ ಬೆಂಗಳೂರು ಅಂದರೆ ಐಟಿ ಅನ್ನುತ್ತಾರೆ. ಅವನ ಊರಿನ ಹೆಮ್ಮೆಯೂ ಕಡಿಮೆಯದಲ್ಲ. ಟಂಗ್‌ಮಾರ್ಗ್ ಬಳಿಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಆಟಗಾರ, ಜೈಂಟ್ ಸ್ಲಾಲಮ್‌ನಲ್ಲಿ 45ನೆಯವ. ಅಪ್ಪನಿಗೆ ಇಲ್ಲೇ ಸ್ಕೀ ಸಾಮಾನಿನ ಅಂಗಡಿ. 45 ಅಂದರೆ ನಗುವವರು ಒಮ್ಮೆ ಆ ಹಲಗೆ ಕಟ್ಟಿಕೊಂಡು ನಿಂತು ನೋಡಲಿ. ನಾನು ಕಟ್ಟಿಕೊಂಡು ನಿಂತೆ. ನಿಂತದ್ದು ಅಷ್ಟೇ ನೆನಪು.

ಮಧ್ಯಾಹ್ನ ಚಾಚಾ ನಮಾಜು ಮುಗಿಸಿ ಬಂದು ಹಲಗೆಯ ಮೇಲೆ ಕುಳಿತರು. ಹಿಮಕ್ಕೆ ಅವರ ಮಾತಿನಲ್ಲಿ ಶೀನ್. ಮೊದಲ ಹಿಮ ಬಿದ್ದ ದಿನ ಒಬ್ಬರಿಗೊಬ್ಬರು ‘ನೊವ್ ಶೀನ್ ಮುಬಾರಕ್’ ಹೇಳುತ್ತಾರೆ. ಚಳಿಗೂ ಪಂಚಾಂಗವಿದೆ, ನಮ್ಮ ಮಳೆ ನಕ್ಷತ್ರಗಳ ಹಾಗೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾಯ್ ಕಲಾನ್, ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲಾಯ್ ಖುರ್ದ್, ಕಿರಿಯದು. ಕೊನೆಗೆ ಹತ್ತು ದಿನ ಚಿಲ್ಲಾಯ್ ಬಚ್ಚಾ, ಮರಿ. ದೊಡ್ಡ ಚಳಿಯಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂತು ಬೇಸಿಗೆಯುದ್ದಕ್ಕೂ ಕರಗುತ್ತ ತೊರೆಗೆ ನೀರು ಕೊಡುತ್ತದೆ. ಮರಿಚಳಿಯಲ್ಲಿ ಬಿದ್ದದ್ದು ಬಂದಷ್ಟೇ ಬೇಗ ಹರಿದುಹೋಗುತ್ತದೆ. ‘ಆರಿದ್ರಾ ಮಳೆ ಬಿಟ್ಟು ಸ್ವಾತಿ ಮಳೆ ನಂಬಿದ ಹಾಗೆ’ ಅಂತ ನಾನು ಹೆಂಡತಿಗೆ ಹೇಳಿದೆ. ಅದನ್ನು ಹಿಂದಿಯಲ್ಲಿ ಚಾಚಾಗೆ ಹೇಳಲು ಹೋಗಿ ಸೋತೆ.

2024ರ ಜನವರಿಯಲ್ಲಿ ದೊಡ್ಡ ಚಳಿ ಮುಗಿಯುತ್ತ ಬಂದರೂ ಈ ಬಯಲು ಕಂದು ಹುಲ್ಲಾಗಿಯೇ ಇತ್ತು. ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳ ಅಲೆ. ಆ ವರ್ಷ ಅವು ಕೈಕೊಟ್ಟವು, ತಿಂಗಳ ಕೊನೆಗೆ ಬಂದವು. ‘ಸ್ಲೆಡ್ಜನ್ನ ಹುಲ್ಲಿನ ಮೇಲೆ ಎಳೆಯೋಕಾಗುತ್ತಾ ಸಾಬ್?’ ಅವರಿಗೆ ಹದಿನೆಂಟು ಸೇಬಿನ ಗಿಡ, ಒಂದಿಷ್ಟು ಭತ್ತದ ಗದ್ದೆ. ಅದಕ್ಕೂ ಇದೇ ಬೆಟ್ಟದ ನೀರು. ಅಂದರೆ ಹಿಮ ಬಾರದಿದ್ದರೆ ಅವರಿಗೆ ಚಳಿಗಾಲದ ದುಡಿಮೆಯೂ ಇಲ್ಲ, ಬೇಸಿಗೆಯ ಬೆಳೆಯೂ ಇಲ್ಲ. ಹೋಟೆಲಿನವರಿಗೆ ಒಂದು ಸೀಸನ್ ಹೋಗುತ್ತದೆ, ಇವರಿಗೆ ವರ್ಷವೇ.

ಮಾತಿನ ನಡುವೆ ಹೋಟೆಲಿನ ಹಿಂದಿನ ಕಸದ ಗುಂಡಿಯ ಹತ್ತಿರ ಕೆಂಚನೆಯದೊಂದು ಸರಿದಾಡಿತು. ನರಿ. ನಮ್ಮ ಕಡೆಯ ಬಡಕಲು ನರಿಯಲ್ಲ. ಬೆಂಕಿ ಬಣ್ಣದ ತುಪ್ಪುಳ, ಮೈಯಷ್ಟೇ ಉದ್ದದ ಬಾಲ. ಈ ಬೆಟ್ಟದ ಕಾಡು 1987ರಿಂದ 180 ಚದರ ಕಿಲೋಮೀಟರಿನ ಅಭಯಾರಣ್ಯ. ಕಸ್ತೂರಿ ಮೃಗ, ಕಂದು ಕರಡಿ ಇವೆ ಅನ್ನುತ್ತದೆ ಫಲಕ. ನಮಗೆ ಕಂಡದ್ದು ಈ ನರಿ, ಹಳದಿ ಕೊಕ್ಕಿನ ನೀಲಿ ಬಾಲದ ಹಕ್ಕಿಗಳ ಒಂದು ಗದ್ದಲದ ಸಂಸಾರ, ಮತ್ತು ಚಿಪ್ಸ್ ಪೊಟ್ಟಣಗಳು. ನರಿ ಮ್ಯಾಗಿಯ ತಟ್ಟೆ ನೆಕ್ಕುತ್ತಿತ್ತು. ಸಾಲುಸಾಲು ಸ್ನೋಮೊಬೈಲುಗಳು ಹೊಗೆ ಉಗುಳುತ್ತ ಹೋದವು. ನರಿ ತಲೆಯೆತ್ತಲಿಲ್ಲ.

ನಾವು ಬಂದುಹೋದ ಆರು ವಾರಕ್ಕೆ ಪಹಲ್ಗಾಮ್‌ನ ಬೈಸರನ್ ಬಯಲಿನಲ್ಲಿ ಭಯೋತ್ಪಾದಕರು ಪ್ರವಾಸಿಗರನ್ನು ಕೊಂದರು. ಸತ್ತ 26 ಮಂದಿಯಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರು. ಚಾಚಾ ಫೋನ್ ಮಾಡಿದರು. ‘ನೀವು ಮನೆಯಲ್ಲೇ ಇದ್ದೀರಲ್ಲ?’ ಅಂತ ಎರಡು ಸಲ ಕೇಳಿದರು. ಮೇಲೆ ಯಾರೂ ಬರುತ್ತಿಲ್ಲ ಅನ್ನುವುದನ್ನು ನಾನು ಕೇಳಿದ ಮೇಲೆ ಹೇಳಿದರು.

ಆ ಮಾರ್ಚಿನ ಸಂಜೆಗೆ ವಾಪಸು ಬರುತ್ತೇನೆ. ಐದು ಗಂಟೆಗೆ ಊರು ಗಡಿಬಿಡಿಯಲ್ಲಿ ಇಳಿಯತೊಡಗಿತು. ಇಫ್ತಾರಿನ ಒಳಗೆ ಎಲ್ಲರೂ ಮನೆ ಮುಟ್ಟಬೇಕು. ಸ್ಲೆಡ್ಜುಗಳನ್ನು ಗೋಡೆಗೆ ಒರಗಿಸಿ, ಹಗ್ಗ ಸುತ್ತಿ, ಸುಮೋ ಹತ್ತಿದರು. ಚಾಚಾ ನಮ್ಮ ಗಾಡಿಯಲ್ಲೇ ಬಂದರು, ದಾರಿಯುದ್ದಕ್ಕೂ ತೂಕಡಿಸಿದರು. ಟಂಗ್‌ಮಾರ್ಗ್ ಮುಟ್ಟುವಾಗ ಆಜಾನ್ ಆಯಿತು. ರಸ್ತೆಬದಿಯ ಅಂಗಡಿಯ ಮುಂದೆ ಬೆಂಚಿಗೆ ಎಳೆದೊಯ್ದು ನಮಗೂ ಖರ್ಜೂರ ಕೊಟ್ಟರು. ಆಮೇಲೆ ಒಂದು ಲೋಟ ಹಾಲು, ಅದರಲ್ಲಿ ಕಪ್ಪು ಕಣ್ಣಿನ ಲೋಳೆಲೋಳೆ ಬೀಜ. ‘ಬಬ್ರಿ ಬ್ಯೋಲ್’ ಅಂದರು. ಹೆಂಡತಿ ಒಂದು ಗುಟುಕು ಕುಡಿದು, ‘ಅಯ್ಯೋ, ಇದು ಕಾಮಕಸ್ತೂರಿ ಬೀಜ ಕಣ್ರೀ, ಅಮ್ಮ ಬೇಸಿಗೆಗೆ ಪಾನಕಕ್ಕೆ ಹಾಕ್ತಿದ್ರಲ್ಲ’ ಅಂದಳು. ತಂಪಿಗೆಂದು ನಾವು ಕುಡಿಯುವುದನ್ನು ಅವರು ಹಿಮದ ನಡುವೆ, ಕಾಂಗ್ಡಿ ಎಂಬ ಅಗ್ಗಿಷ್ಟಿಕೆಯ ಕೆಂಡಕ್ಕೆ ಕೈ ಕಾಯಿಸುತ್ತ ಕುಡಿಯುತ್ತಿದ್ದರು. ಚಾಚಾ ಮೊದಲ ಲೋಟವನ್ನು ಕಣ್ಣು ಮುಚ್ಚಿ, ನಿಲ್ಲಿಸದೆ ಕುಡಿದರು. ಎರಡನೆಯದಕ್ಕೆ ಕಣ್ಣು ಬಿಟ್ಟರು.

ಬೂಟು ವಾಪಸು ಕೊಡಲು ಹೋದೆವು. ಅಂಗಡಿಯವನು ನನ್ನ ಎಡಗಾಲಿನದನ್ನು ಬೋರಲು ಹಾಕಿದ. ಅರ್ಧ ಲೋಟ ನೀರು ಸುರಿಯಿತು. ಬೆಳಗಿನಿಂದ ಮರಗಟ್ಟಿದ್ದ ಕಾಲು ಯಾಕೆ ಅಂತ ಆಗ ತಿಳಿಯಿತು.

‘ಇದು ಸೋರುತ್ತೆ ಅಂತ ಬೆಳಿಗ್ಗೆಯೇ ಹೇಳಬಾರದಿತ್ತೇನಪ್ಪ?’

‘ಹೇಳಿದ್ರೆ ನೀವು ತಗೋತಿದ್ರಾ ಸಾಬ್?’ ಅಂದ. ಬೂಟನ್ನು ಒರೆಸಿ, ಎಂಟರ ಗೊಂಚಲಿಗೇ ತೂಗುಹಾಕಿದ.